ಜಿಪ್ಪು ಕಾಣುವ ದೆವ್ವ

(ಮಡಿಕೇರಿಯಲ್ಲಿ ಒಂದು ಮಳೆಗಾಲದ ಸಂಜೆ ಸಿನಿಮಾಸಕ್ತರ ಮುಂದೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಒಂದು ಮಾತನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಹೀಗೆ ಹೊಯ್ಯುತ್ತಿರುವಾಗ ಒಲೆಯ ಮುಂದಿನ ಜಾಗ ಬಿಟ್ಟು ಬಂದಿದ್ದೀರಿ. ಕರೆಂಟು ಯಾವಾಗ ಬೇಕಾದರೂ ಹೋಗಬಹುದು ಎಂದು ಕಾರ್ಯಕ್ರಮದವರು ಹೇಳಿದ್ದಾರೆ. ಹೋದರೂ ಮಾತು ನಿಲ್ಲಿಸುವುದಿಲ್ಲ. ಇವತ್ತಿನ ವಿಷಯ ಅಗ್ಗದ ಹಾರರ್ ಕಾಮಿಡಿ, ಅಂದರೆ ಹೆದರಿಸುತ್ತಲೇ ನಗಿಸುವ, ಕಡಿಮೆ ದುಡ್ಡಿನ ದೆವ್ವದ ಸಿನಿಮಾ. ಅದಕ್ಕೆ ಕತ್ತಲೆಯೇನೂ ಅಡ್ಡಿಯಲ್ಲ.

ನನ್ನ ತಂದೆ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ, ಕಾಫಿ ಒಣಗಿಸುವ ಕಣದಲ್ಲಿ ಟಿವಿ ಇಡುತ್ತಿದ್ದರು. ಪೇಟೆಯಿಂದ ವಿಡಿಯೋ ಕ್ಯಾಸೆಟ್ ಓಡಿಸುವ ವಿಸಿಪಿ ಬಾಡಿಗೆಗೆ ಬರುತ್ತಿತ್ತು, ಜೊತೆಗೆ ಮೂರು ಕ್ಯಾಸೆಟ್. ಮೊದಲನೆಯದು ದೇವರದ್ದು, ಎರಡನೆಯದು ರಾಜ್‌ಕುಮಾರ್ ಅವರದ್ದು. ಮಕ್ಕಳು ಮಲಗಿದ ಮೇಲೆ ಹಾಕಬೇಕಾದ ಮೂರನೆಯದು ದೆವ್ವದ್ದು. ಮಕ್ಕಳು ಯಾರೂ ಮಲಗುತ್ತಿರಲಿಲ್ಲ.

ಆ ಸಿನಿಮಾ ಹಿಂದಿ. ಕಣದಲ್ಲಿ ಕೂತವರಲ್ಲಿ ಮಲಯಾಳ ಇತ್ತು, ತಮಿಳು ಇತ್ತು, ಯರವರ ಮಾತು, ತುಳು, ಅರೆಭಾಷೆ, ಕೊಡವ ತಕ್ಕ್ ಎಲ್ಲ ಇತ್ತು. ಹಿಂದಿ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಆದರೆ ಬಾಗಿಲು ತಾನಾಗಿ ಕಿರ್ರೆಂದು ತೆರೆದಾಗ ಏನಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಯ ಒಬ್ಬ ಅಜ್ಜಿ ಟಿವಿಯ ಕಡೆಗೇ ಕೈ ಬೀಸಿ, "ಹೋಗಬೇಡ ಮಗಳೇ, ಅದು ಅಲ್ಲೇ ಉಂಟು" ಎಂದು ನಾಯಕಿಗೆ ಹೇಳುತ್ತಿದ್ದರು. ನಾಯಕಿ ಹೋಗುತ್ತಿದ್ದಳು. ದೆವ್ವ ಬರುತ್ತಿತ್ತು. ಹೆಂಗಸರು ಸೆರಗು ಕಚ್ಚಿಕೊಳ್ಳುತ್ತಿದ್ದರು. ಆ ದೆವ್ವಕ್ಕೆ ಗೇಣುದ್ದದ ಉಗುರು. ಅದು ಎರಡೂ ಕೈ ಮುಂದೆ ಚಾಚಿ ನಿಂತಾಗ ಕಣದ ಕಾವಲಿನ ತಾತ ಹಿಂದಿನಿಂದ ಹೇಳಿದರು: "ಇದನ್ನ ಕೊಯ್ಲಿಗೆ ಹಾಕ್ಕೊಳ್ಳೋಕಾಗಲ್ಲ ರೈಟ್ರೇ, ಹಣ್ಣಿನ ಜೊತೆ ಎಲೆ, ಕೊಂಬೆ ಎಲ್ಲ ಕೀಳ್ತದೆ." ಕಣವಿಡೀ ನಕ್ಕಿತು. ನಗು ಇನ್ನೂ ಮುಗಿದಿರಲಿಲ್ಲ, ಟಿವಿಯಲ್ಲಿ ಯಾರೋ ಕಿರುಚಿದರು, ಕಣವಿಡೀ ಮತ್ತೆ ಬೆಚ್ಚಿತು. ರಾತ್ರಿ ಎರಡು ಗಂಟೆಯವರೆಗೆ ಹೀಗೇ.

ಆ ರಾತ್ರಿಯದೇ ಇನ್ನೊಂದು ಮಾತು. ನನ್ನ ಅಮ್ಮ ಲೈನಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದವರು. ದೆವ್ವ ಬೆನ್ನು ತಿರುಗಿಸಿ ನಡೆದಾಗ ಅವರು ನನ್ನ ಕಿವಿಯಲ್ಲಿ ಹೇಳಿದರು: "ನೋಡು, ಬೆನ್ನಿಗೆ ಜಿಪ್ಪುಂಟು." ನಾನು ನೋಡಿದೆ. ಕೂದಲಿನ ಕೆಳಗೆ, ಕುತ್ತಿಗೆಯಿಂದ ಸೊಂಟದವರೆಗೆ, ಒಂದು ಗೆರೆ. ನನ್ನ ಭಯ ಅರ್ಧ ಇಳಿಯಿತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಬೆನ್ನಿನ ಜಿಪ್ಪು ಒಬ್ಬರೇ ಹಾಕ್ಕೊಳ್ಳೋಕಾಗಲ್ಲ. ಯಾರೋ ಹಾಕಿಕೊಟ್ಟಿದ್ದಾರೆ."

ಅಗ್ಗದ ಹಾರರ್ ಕಾಮಿಡಿಗಳನ್ನು ನಾನು ಯಾಕೆ ಇಷ್ಟೊಂದು ಪ್ರೀತಿಸುತ್ತೇನೆ ಎಂದು ಕೇಳಿದರೆ, ನನ್ನ ಉತ್ತರ ಆ ವಾಕ್ಯದಲ್ಲಿದೆ. ದೆವ್ವಕ್ಕೆ ಜಿಪ್ಪು ಎಳೆದುಕೊಟ್ಟ ಆ ಇನ್ನೊಬ್ಬರು ಈ ಸಿನಿಮಾಗಳಲ್ಲಿ ನಮಗೆ ಕಾಣುತ್ತಾರೆ. ದೊಡ್ಡ ದುಡ್ಡಿನ ಸಿನಿಮಾದಲ್ಲಿ ಅವರನ್ನು ಪೂರ್ತಿ ಒರೆಸಿ ಹಾಕಿರುತ್ತಾರೆ.

ಭಯ ಮತ್ತು ನಗು ಒಂದೇ ತಟ್ಟೆಗೆ ಬಡಿಸುವಂಥವಲ್ಲ ಎಂದು ಕೆಲವರು ಹೇಳುತ್ತಾರೆ. ನಾಟ್ಯಶಾಸ್ತ್ರ ತೆರೆದು ನೋಡಿ. ಹಾಸ್ಯ ಹುಟ್ಟುವುದು ಯಾವುದರಿಂದ ಎನ್ನುವಲ್ಲಿ ವಿಕೃತವಾದ ವೇಷ, ಹೊಂದದ ಅಲಂಕಾರ ಎಂದಿದೆ. ಭಯಾನಕ ಹುಟ್ಟುವುದು ಯಾವುದರಿಂದ ಎನ್ನುವಲ್ಲಿ ವಿಕೃತವಾದ ಧ್ವನಿ, ಭೂತದರ್ಶನ, ನರಿ ಮತ್ತು ಗೂಬೆಯ ಕೂಗು, ಪಾಳುಬಿದ್ದ ಮನೆ, ಕಾಡು ಎಂದಿದೆ. ಎರಡು ಕಡೆಯೂ 'ವಿಕೃತ'ವೇ ಬಂತು. ವೇಷ ವಿಕೃತವಾದರೆ ನಗು, ಧ್ವನಿ ವಿಕೃತವಾದರೆ ಭಯ. ನರಿ, ಗೂಬೆ, ಪಾಳುಮನೆ, ಕಾಡು: ನಮ್ಮ ಕಣದಲ್ಲಿ ಓಡಿದ ಕ್ಯಾಸೆಟ್ಟಿನ ಪಟ್ಟಿಯೂ ಇದೇ. ದೆವ್ವದ ವೇಷ ತೀರ ಅಗ್ಗವಾಗಿದ್ದು ಅದರ ಧ್ವನಿ ಮಾತ್ರ ಚೆನ್ನಾಗಿ ಮೂಡಿದ್ದರೆ ಕಣ್ಣು ನಗುತ್ತದೆ, ಕಿವಿ ಹೆದರುತ್ತದೆ. ಒಂದೇ ದೇಹದಲ್ಲಿ ಎರಡು ರಸ ಒಟ್ಟಿಗೆ.

ದೇಹದ ಮಟ್ಟದಲ್ಲಿ ಇದು ಸರಳ. ಬೆಚ್ಚಿದಾಗ ಎದೆ ಬಡಿದುಕೊಳ್ಳುತ್ತದೆ, ಉಸಿರು ಹಿಡಿದುಕೊಳ್ಳುತ್ತದೆ, ಓಡಲು ಕಾಲು ಸಿದ್ಧವಾಗುತ್ತದೆ. ಮರುಕ್ಷಣ, ಇದು ಬರೀ ಆಟ, ಏನೂ ಆಗುವುದಿಲ್ಲ ಎಂದು ಮನಸ್ಸಿಗೆ ತಿಳಿಯುತ್ತದೆ. ಹಿಡಿದಿಟ್ಟ ಉಸಿರು ಎಲ್ಲಿಗೆ ಹೋಗಬೇಕು? ನಗುವಾಗಿ ಹೊರಗೆ ಬರುತ್ತದೆ. ಮಗುವಿನ ಮುಂದೆ ಮುಖ ಮುಚ್ಚಿ, ತಟ್ಟನೆ ತೆರೆದು 'ಬೂ' ಅನ್ನುತ್ತೇವಲ್ಲ, ಅದೇ.

ಇದನ್ನು ಕೊಡಗಿನವರಿಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ ನೋಡಿದವರು ಇಲ್ಲಿ ಬಹಳ ಜನ ಇರಬಹುದು. ಜೇನುಕುರುಬರು, ಯರವರು ಚಿತ್ರವಿಚಿತ್ರ ವೇಷ ಹಾಕಿ, ಗಂಡಸರು ಹೆಂಗಸರ ಬಟ್ಟೆ ಉಟ್ಟು, ಡಬ್ಬ ಬಡಿಯುತ್ತ ಬರುತ್ತಾರೆ. ಎದುರು ಸಿಕ್ಕವರನ್ನೆಲ್ಲ ಬೈದು ಕಾಸು ಕೇಳುತ್ತಾರೆ. ದೇವರನ್ನೂ ಬೈಯುತ್ತಾರೆ, ಕೊನೆಗೆ ಅದೇ ದೇವರ ಮುಂದೆ ನಿಂತು ತಪ್ಪಾಯಿತೆನ್ನುತ್ತಾರೆ. ಚಿಕ್ಕವಳಿದ್ದಾಗ ಗೋಣಿಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಅಂಥ ಒಂದು ವೇಷ ನನ್ನ ಮುಖದ ಹತ್ತಿರಕ್ಕೇ ಬಂತು. ಮುಖಕ್ಕೆ ಮಸಿ, ತಲೆಗೆ ನಾರಿನ ಜಡೆ. ಅಮ್ಮನ ಸೀರೆ ಹಿಡಿದು ಕಿರುಚಿದೆ. ತಲೆ ತಗ್ಗಿಸಿದಾಗ ಅವನ ಕಾಲು ಕಂಡಿತು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಒಂದಕ್ಕೆ ಪಿನ್ನು ಹಾಕಿತ್ತು. ನನ್ನ ಚಪ್ಪಲಿಗೂ ಪಿನ್ನು ಹಾಕಿತ್ತು. ಅಲ್ಲಿಗೆ ಭಯ ಹೋಗಿ ಅವನು ನನ್ನ ಕಡೆಯವನಾದ. ಒಂದು ಸಮುದಾಯದ ಹರಕೆಯನ್ನು ಸಿನಿಮಾಕ್ಕೆ ಸಮ ಎಂದು ನಾನು ಹೇಳುತ್ತಿಲ್ಲ. ಆ ಹಬ್ಬದ ಆಳವೇ ಬೇರೆ. ನೋಡುವ ಮಗುವಿನ ಎದೆಯಲ್ಲಿ ಆಗುವುದನ್ನಷ್ಟೇ ಹೇಳುತ್ತಿದ್ದೇನೆ.

ಈಗ ಸಿನಿಮಾಕ್ಕೆ ಬರೋಣ. ನಮ್ಮ ದೇಶದಲ್ಲಿ ಈ ಮಾತು ಹಿಂದಿಯಲ್ಲಿ ದೆವ್ವದ ಸಿನಿಮಾ ತೆಗೆದ ರಾಮ್ಸೆ ಅಣ್ಣತಮ್ಮಂದಿರಿಂದಲೇ ಶುರುವಾಗಬೇಕು. ಅವರ ತಂದೆ 1970ರಲ್ಲಿ ಒಂದು ಸಿನಿಮಾ ತೆಗೆದು ಸೋತರು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಮುಖವಾಡ ಹಾಕಿ ಕಳ್ಳತನಕ್ಕೆ ಬರುವ ಒಂದು ದೃಶ್ಯವಿತ್ತು. ಆ ದೃಶ್ಯಕ್ಕೆ ಮಾತ್ರ ಜನ ಬೆಚ್ಚಿ ಖುಷಿಪಡುವುದನ್ನು ಮಕ್ಕಳು ಟಾಕೀಸಿನಲ್ಲಿ ಕೂತು ಗಮನಿಸಿದರು. ಹಾಗಾದರೆ ಇಡೀ ಸಿನಿಮಾವನ್ನೇ ಹೀಗೆ ತೆಗೆದರೆ ಹೇಗೆ? 1972ರಲ್ಲಿ 'ದೋ ಗಜ್ ಜಮೀನ್ ಕೇ ನೀಚೇ' ಬಂತು. ಸ್ಟುಡಿಯೋ ಇಲ್ಲ, ಸೆಟ್ ಇಲ್ಲ. ಮನೆಮಂದಿಯೆಲ್ಲ ಮಹಾಬಲೇಶ್ವರಕ್ಕೆ ಹೋಗಿ ಅಲ್ಲಿನ ಗೆಸ್ಟ್ ಹೌಸಿನಲ್ಲಿ ಉಳಿದುಕೊಂಡು ಅಲ್ಲೇ ಚಿತ್ರೀಕರಣ ಮಾಡಿದರು. ಏಳು ಜನ ಅಣ್ಣತಮ್ಮಂದಿರಲ್ಲಿ ತುಳಸಿ ಮತ್ತು ಶ್ಯಾಮ್ ನಿರ್ದೇಶನ, ಗಂಗು ಕ್ಯಾಮೆರಾ, ಕಿರಣ್ ಶಬ್ದ, ಕುಮಾರ್ ಕಥೆ. ಒಂದು ಕೂಡುಕುಟುಂಬ ಗದ್ದೆ ಕೆಲಸ ಹಂಚಿಕೊಳ್ಳುವ ಹಾಗೆ ದೆವ್ವದ ಕೆಲಸ ಹಂಚಿಕೊಂಡಿತು.

1984ರ 'ಪುರಾನಾ ಮಂದಿರ್' ನನಗೆ ಇವೆಲ್ಲಕ್ಕಿಂತ ಪ್ರಿಯ. ಸಾಮ್ರಿ ಎಂಬ ದುಷ್ಟನ ಪಾತ್ರ ಮಾಡಿದ ಅನಿರುದ್ಧ ಅಗರ್ವಾಲ್ ಎಂಜಿನಿಯರಿಂಗ್ ಓದಿದವರು. ಅವರ ಎತ್ತರ, ಅವರ ಮುಖದ ಎಲುಬುಗಳೇ ಅರ್ಧ ಮೇಕಪ್ಪಿನ ಕೆಲಸ ಮಾಡಿದವು. ಅದೇ ಸಿನಿಮಾದ ಮಧ್ಯದಲ್ಲಿ ಹಾಸ್ಯನಟ ಜಗದೀಪ್ 'ಶೋಲೆ'ಯ ಗಬ್ಬರ್‌ನನ್ನು ಅಣಕಿಸುವ ಮಚ್ಛರ್ ಸಿಂಗ್ ಆಗಿ ಬರುತ್ತಾರೆ. ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ವಿಮರ್ಶಕರು ಗೊಣಗಿದ್ದುಂಟು. ನಾನು ಒಪ್ಪುವುದಿಲ್ಲ. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಹಾಸ್ಯಗಾರ ಬರುವುದು ಕಥೆಗೆ ಬೇಕೆಂದಷ್ಟೇ ಅಲ್ಲ, ಕೂತವರಿಗೆ ಬೇಕೆಂದು. ಮೂರು ಗಂಟೆ ಹೆದರಿಸುತ್ತಲೇ ಇದ್ದರೆ ಭಯ ಜಡ್ಡುಗಟ್ಟುತ್ತದೆ. ನಡುವೆ ಒಮ್ಮೆ ನಗಿಸಿ ಸಡಿಲ ಮಾಡಿದರೆ ಮುಂದಿನ ಬಾಗಿಲು ಕಿರ್ರೆಂದಾಗ ಮತ್ತೆ ಹೊಸದಾಗಿ ಹೆದರುತ್ತೇವೆ. ರಾಮ್ಸೆಗಳಿಗೆ ಇದು ಗೊತ್ತಿತ್ತು.

ಅಮೆರಿಕದಲ್ಲಿ ಸ್ಯಾಮ್ ರೈಮಿ ಇಪ್ಪತ್ತರ ವಯಸ್ಸಿನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಟೆನ್ನೆಸ್ಸಿಯ ಕಾಡಿನ ಒಂದು ಹಾಳು ಮನೆಗೆ ಹೋದ. 1981ರ 'ದಿ ಈವಿಲ್ ಡೆಡ್' ಹುಟ್ಟಿದ್ದು ಹಾಗೆ. ಕಾಡಿನಲ್ಲಿ ಕಾಣದ ಶಕ್ತಿಯೊಂದು ನೆಲಕ್ಕೆ ತಾಗುವಂತೆ ನುಗ್ಗಿ ಬರುವ ದೃಶ್ಯಕ್ಕೆ ಬೇಕಾದ ಉಪಕರಣ ಕೊಳ್ಳಲು ದುಡ್ಡಿರಲಿಲ್ಲ. ಮರದ ಪಟ್ಟಿಯೊಂದಕ್ಕೆ ಕ್ಯಾಮೆರಾ ಬಿಗಿದು, ಎರಡು ತುದಿಯನ್ನು ಇಬ್ಬರು ಹಿಡಿದು ಓಡಿದರು. ಅಷ್ಟೇ. ಆ ಓಟದ ಎಳೆದಾಟ, ಏರಿಳಿತ ನೋಡುವವರ ಹೊಟ್ಟೆಯೊಳಗೆ ಕೂರುತ್ತದೆ. ರಕ್ತಕ್ಕೆ ಮೆಕ್ಕೆಜೋಳದ ಪಾಕ, ಕೆಂಪು ಬಣ್ಣ, ಕಾಫಿಗೆ ಹಾಕುವ ಕ್ರೀಮರ್. ಆರು ವರ್ಷದ ಮೇಲೆ ಬಂದ ಎರಡನೆಯ ಭಾಗದಲ್ಲಿ ನಾಯಕನ ಸ್ವಂತ ಕೈಯೇ ಅವನ ಮೇಲೆ ತಿರುಗಿಬಿದ್ದು ತಲೆಗೆ ಪಾತ್ರೆ ತಟ್ಟೆ ಒಡೆಯುತ್ತದೆ. ಹೆದರಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡುತ್ತೇವೆ.

ಆ ರಕ್ತದ ವಿಷಯ ಓದಿದ ಮೇಲೆ ನಾವೂ ಒಂದು ಸಿನಿಮಾ ಮಾಡಿದ್ದೆವು. ಕಾಲೇಜಿನ ದಿನಗಳು. ಗೆಳತಿಯ ಮಾವ ದುಬೈಯಿಂದ ತಂದ ಹ್ಯಾಂಡಿಕ್ಯಾಮ್, ಯಾರೂ ಬಳಸದೆ ಬಿಟ್ಟ ಒಂದು ಏಲಕ್ಕಿ ಒಣಗಿಸುವ ಮನೆ, ಹತ್ತು ನಿಮಿಷದ ಕಥೆ. ಮೊದಲು ಬೆಲ್ಲದ ಪಾಕಕ್ಕೆ ಕುಂಕುಮ ಕಲಸಿ ರಕ್ತ ಮಾಡಿದೆವು. ಬಣ್ಣ ಚೆನ್ನಾಗಿ ಬಂತು, ಆದರೆ ಅರ್ಧ ಗಂಟೆಯಲ್ಲಿ ಹೆಣದ ಮೇಲೆ ಇರುವೆ ಸಾಲು ಹಿಡಿಯಿತು, ಹೆಣ ಎದ್ದು ಓಡಿತು. ಆಗ ಆಗಸ್ಟ್ ಮೊದಲ ವಾರ, ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಕಳೆದು ಎರಡೇ ದಿನ. ಮನೆಯಲ್ಲಿ ಆ ದಿನದ ಪಾಯಸಕ್ಕೆಂದು ಕುದಿಸಿದ ಮದ್ದುಸೊಪ್ಪಿನ ನೀರು ಉಳಿದಿತ್ತು. ಅದರ ಗಾಢ ನೇರಳೆ ಬಣ್ಣ ನಿಮಗೆಲ್ಲ ಗೊತ್ತು. ಅದನ್ನೇ ಸುರಿದೆವು. ತೆರೆಯ ಮೇಲೆ ಅದು ಮಸಿಯ ಹಾಗೆ ಕಂಡಿತು. ಅದೇ ದಿನ ನಮ್ಮ ನಾಯಕನ ಕಾಲಿಗೆ ಜಿಗಣೆ ಹಿಡಿದು ನಿಜವಾದ ರಕ್ತ ಪಾದದವರೆಗೆ ಹರಿದಿತ್ತು, ಅದೂ ಕ್ಯಾಮೆರಾಕ್ಕೆ ಬಿದ್ದಿತ್ತು. ಆಮೇಲೆ ಹಾಕಿ ನೋಡಿದಾಗ ಎಲ್ಲರೂ ಬೆಚ್ಚಿದ್ದು ಮದ್ದುಸೊಪ್ಪಿನ ನೀರಿಗೆ. ನಿಜವಾದ ರಕ್ತವನ್ನು ಯಾರೂ ನಂಬಲಿಲ್ಲ. ಅವತ್ತು ಕಲಿತದ್ದನ್ನು ಯಾವ ಪುಸ್ತಕವೂ ನನಗೆ ಕಲಿಸಿಲ್ಲ: ಭಯ ಇರುವುದು ಬಣ್ಣದಲ್ಲಲ್ಲ, ಬಿದ್ದವನ ಮುಖ ನೋಡಿ ಪಕ್ಕದವಳು ಉಸಿರು ಎಳೆದುಕೊಳ್ಳುವುದರಲ್ಲಿ. ಆ ಗೆಳತಿ ಉಸಿರು ಚೆನ್ನಾಗಿ ಎಳೆದುಕೊಂಡಿದ್ದಳು.

ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ಕೂಡ ಹೀಗೇ ಆರಂಭಿಸಿದವರು. ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತ, ವಾರದ ರಜೆಯಲ್ಲಿ ಗೆಳೆಯರೊಂದಿಗೆ ಚಿತ್ರೀಕರಿಸುತ್ತ, ನಾಲ್ಕು ವರ್ಷ ತೆಗೆದುಕೊಂಡು 1987ರಲ್ಲಿ 'ಬ್ಯಾಡ್ ಟೇಸ್ಟ್' ಮುಗಿಸಿದರು. ಅನ್ಯಗ್ರಹದವರ ಮುಖವಾಡಗಳನ್ನು ಬೇಯಿಸಿದ್ದು ಅಮ್ಮನ ಅಡುಗೆಮನೆಯ ಓವನ್ನಿನಲ್ಲಿ. ಮುಂದೆ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಮಾಡಿದ ಕೈ ಅದು. ಅಮೆರಿಕದ ರೋಜರ್ ಕಾರ್ಮನ್ 1960ರಲ್ಲಿ 'ದಿ ಲಿಟ್ಲ್ ಶಾಪ್ ಆಫ್ ಹಾರರ್ಸ್' ಚಿತ್ರದ ಮುಖ್ಯ ಭಾಗವನ್ನು ಎರಡು ದಿನದಲ್ಲಿ, ಬೇರೆ ಚಿತ್ರಕ್ಕೆ ಹಾಕಿದ್ದ ಸೆಟ್ಟಿನಲ್ಲೇ ತೆಗೆದರು. ಮನುಷ್ಯರನ್ನು ತಿನ್ನುವ ಗಿಡದ ಕಥೆ ಅದು, ಇಂದಿಗೂ ನಗಿಸುತ್ತದೆ.

ಅಮೆರಿಕದ ನಿರ್ದೇಶಕ ಎಡ್ ವುಡ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಅವರ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಅನ್ನು ಲೋಕದ ಅತಿ ಕೆಟ್ಟ ಸಿನಿಮಾ ಎಂದು ಬಹಳ ಜನ ಕರೆದರು. ಬೆಲಾ ಲುಗೋಸಿ, ಒಂದು ಕಾಲದಲ್ಲಿ ಡ್ರಾಕುಲಾ ಪಾತ್ರಕ್ಕೆ ಹೆಸರಾದ ದೊಡ್ಡ ನಟ, ಕೊನೆಗಾಲದಲ್ಲಿ ಯಾರಿಗೂ ಬೇಡವಾಗಿದ್ದರು. ವುಡ್ ಅವರನ್ನು ಇಟ್ಟುಕೊಂಡು ಒಂದಿಷ್ಟು ದೃಶ್ಯ ತೆಗೆದಿದ್ದರು. 1956ರಲ್ಲಿ ಲುಗೋಸಿ ತೀರಿಕೊಂಡರು. ವುಡ್ ಆ ತುಣುಕುಗಳನ್ನು ಬಿಸಾಡಲಿಲ್ಲ. ಅವುಗಳ ಸುತ್ತ ಒಂದು ಸಿನಿಮಾವನ್ನೇ ಕಟ್ಟಿದರು, ಉಳಿದ ಭಾಗಕ್ಕೆ ಇನ್ನೊಬ್ಬರನ್ನು ನಿಲ್ಲಿಸಿ ಮುಖಕ್ಕೆ ಕಪ್ಪು ಮೇಲಂಗಿ ಅಡ್ಡ ಹಿಡಿಸಿದರು. ಆ ಇನ್ನೊಬ್ಬರಿಗೂ ಲುಗೋಸಿಗೂ ಯಾವ ಹೋಲಿಕೆಯೂ ಇಲ್ಲ. ಜನ ಇದನ್ನು ನೋಡಿ ನಗುತ್ತಾರೆ, ನಾನೂ ನಕ್ಕಿದ್ದೇನೆ. ಆದರೆ ಆ ಮೇಲಂಗಿ ಪ್ರತಿಸಲ ಮೇಲೇರುವಾಗ ನನಗೆ ಕಾಣುವುದು, ಸತ್ತ ಗೆಳೆಯನನ್ನು ತನ್ನ ಸಿನಿಮಾದಿಂದ ಕಳುಹಿಸಿಕೊಡಲು ಮನಸ್ಸು ಬಾರದ ಒಬ್ಬ ಮನುಷ್ಯ.

ಇಲ್ಲಿ ನನ್ನದೊಂದು ಖಚಿತ ಅಭಿಪ್ರಾಯವಿದೆ. ಈಚೆಗೆ ಬೇಕೆಂದೇ ಕೆಟ್ಟದಾಗಿ ಮಾಡುವ ಸಿನಿಮಾಗಳು ಬರುತ್ತಿವೆ. ದುಡ್ಡು ಸಾಕಷ್ಟಿರುತ್ತದೆ, ಆದರೂ ದೆವ್ವಕ್ಕೆ ರಟ್ಟಿನ ಹಲ್ಲು ಹಾಕಿ, "ನೋಡಿ ಎಷ್ಟು ಕೆಟ್ಟದಾಗಿದೆ" ಎಂದು ಕಣ್ಣು ಮಿಟುಕಿಸುತ್ತಾರೆ. ಅವು ನನ್ನನ್ನು ನಗಿಸುವುದಿಲ್ಲ. ಮನೆಯಲ್ಲಿ ಅಕ್ಕಿ ಇಲ್ಲದೆ ಗಂಜಿ ಕುಡಿದವರ ಎದುರು ಗಂಜಿಯನ್ನು ಗಾಜಿನ ಲೋಟದಲ್ಲಿ ಮಾರಿದಂತೆ ಅನ್ನಿಸುತ್ತದೆ. ಅಗ್ಗದ ಸಿನಿಮಾದ ಸೊಗಸು ಅಗ್ಗದಲ್ಲಿಲ್ಲ. ಕೈಯಲ್ಲಿ ಇದ್ದದ್ದು ಇಷ್ಟೇ, ಮಾಡಬೇಕೆಂದಿದ್ದದ್ದು ಅಷ್ಟು ದೊಡ್ಡದು. ಆ ಎರಡರ ನಡುವಿನ ಜಾಗದಲ್ಲಿ ಒಬ್ಬರು ಬೆವರು ಸುರಿಸಿದ್ದಾರೆ. ನಾನು ಪ್ರೀತಿಸುವುದು ಆ ಜಾಗವನ್ನು.

ಕನ್ನಡದ ಮಾತು. 1979ರ 'ನಾ ನಿನ್ನ ಬಿಡಲಾರೆ' ನಮ್ಮ ಹಿಂದಿನ ತಲೆಮಾರನ್ನು ನಿಜಕ್ಕೂ ಹೆದರಿಸಿದ ಚಿತ್ರ, ನಗುವಿಗೆ ಹೊರಟದ್ದಲ್ಲ. ಹಾಸ್ಯ ಬೆರೆತ ದೆವ್ವ ನಮ್ಮಲ್ಲಿ ಸಿನಿಮಾಕ್ಕೆ ಮೊದಲೇ ಗೋಡೆಯ ಮೇಲೆ ಬಂದಿತ್ತು. ತೊಂಬತ್ತರ ದಶಕದ 'ನಾಳೆ ಬಾ' ನೆನಪಿದೆಯಲ್ಲ? ರಾತ್ರಿ ಪರಿಚಯದವರ ಧ್ವನಿಯಲ್ಲಿ ಕರೆಯುವ ಹೆಣ್ಣು ದೆವ್ವ, ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆದರೆ ಓದಿಕೊಂಡು ವಾಪಸ್ ಹೋಗುತ್ತದೆ, ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ. ಕನ್ನಡ ಓದಲು ಬರುವ, ಹೇಳಿದ ಮಾತಿಗೆ ಬೆಲೆ ಕೊಡುವ ದೆವ್ವ! ಹೆದರಿ ಬರೆದವರೇ ಬೆಳಿಗ್ಗೆ ಅದನ್ನು ಹೇಳಿಕೊಂಡು ನಗುತ್ತಿದ್ದರು. 2018ರ ಹಿಂದಿ ಚಿತ್ರ 'ಸ್ತ್ರೀ' ಇದನ್ನೇ ಮಧ್ಯಪ್ರದೇಶದ ಚಂದೇರಿಗೆ ಒಯ್ದು ಗೆದ್ದಿತು. ನಮ್ಮ ಗೋಡೆಯ ಕಥೆ ಮೊದಲು ನಮ್ಮ ತೆರೆಗೆ ಹೀಗೆ ಬರಲಿಲ್ಲವಲ್ಲ ಎಂಬ ಕೊರಗು ನನಗೆ ಬಹುಕಾಲ ಇತ್ತು. 2025ರಲ್ಲಿ ಜೆ.ಪಿ. ತುಮಿನಾಡು ಅವರ 'ಸು ಫ್ರಮ್ ಸೋ' ನೋಡಿದ ಮೇಲೆ ಕಡಿಮೆಯಾಯಿತು. ದೊಡ್ಡ ಸ್ಟಾರ್ ಇಲ್ಲ, ಕರಾವಳಿಯ ಒಂದು ಊರು, ಸೋಮೇಶ್ವರದ ಸುಲೋಚನಾ ಮೈಮೇಲೆ ಬಂದಿದ್ದಾಳೆಂಬ ಗುಲ್ಲು. ಅದು ಎಡವಟ್ಟಾಗಿ ಮಾಡಿದ ಸಿನಿಮಾ ಅಲ್ಲ, ಅಚ್ಚುಕಟ್ಟಾದದ್ದು. ಆದರೆ ಕಣದ ಗುಣ ಅದರಲ್ಲಿದೆ: ಊರೆಲ್ಲ ಒಟ್ಟಿಗೆ ಹೆದರಿ, ಒಟ್ಟಿಗೆ ನಗುವುದು. ನಾನು ಅದನ್ನು ನೋಡಿದ ದಿನ ಹಿಂದಿನ ಸಾಲಿನವರೊಬ್ಬರು ತೆರೆಯ ಜೊತೆ ಮಾತಾಡುತ್ತಿದ್ದರು. ಸುಮ್ಮನಿರಿ ಎಂದು ಯಾರೂ ಹೇಳಲಿಲ್ಲ.

ಕೊನೆಯದಾಗಿ ಜಪಾನಿನ ಒಂದು ಚಿತ್ರ. ನೋಡದವರು ಈಗ ಕಿವಿ ಮುಚ್ಚಿಕೊಳ್ಳಿ, ಗುಟ್ಟು ಹೇಳುತ್ತೇನೆ. ಶಿನಿಚಿರೋ ಉಯೆದಾ 2017ರಲ್ಲಿ ಸುಮಾರು 30 ಲಕ್ಷ ಯೆನ್ನಿನಲ್ಲಿ ಮಾಡಿದ 'ಒನ್ ಕಟ್ ಆಫ್ ದಿ ಡೆಡ್'. ಮೊದಲ 37 ನಿಮಿಷ ಒಂದೇ ಶಾಟ್, ಎಲ್ಲೂ ಕತ್ತರಿಯಿಲ್ಲ. ಸತ್ತವರು ಎದ್ದು ಬರುವ ಕಥೆ, ನೋಡಿದರೆ ಎಲ್ಲ ಎಡವಟ್ಟು. ನಟರು ಮಾತು ಮರೆತಂತೆ ನಿಲ್ಲುತ್ತಾರೆ, ಕ್ಯಾಮೆರಾ ಸುಮ್ಮನೆ ನೆಲಕ್ಕೆ ಬೀಳುತ್ತದೆ. ಆಮೇಲೆ ಸಿನಿಮಾ ಹಿಂದಕ್ಕೆ ಹೋಗಿ, ಆ 37 ನಿಮಿಷ ತೆಗೆಯುವಾಗ ಕ್ಯಾಮೆರಾದ ಹಿಂದೆ ಏನಾಯಿತೆಂದು ತೋರಿಸುತ್ತದೆ. ಒಬ್ಬ ಕುಡಿದು ಬಿದ್ದಿದ್ದಾನೆ, ಒಬ್ಬನಿಗೆ ಹೊಟ್ಟೆ ಕೆಟ್ಟಿದೆ, ಟಿವಿಯಲ್ಲಿ ಅದು ನೇರ ಪ್ರಸಾರವಾಗುತ್ತಿದೆ, ನಿಲ್ಲಿಸುವಂತಿಲ್ಲ. ಕೊನೆಯ ಶಾಟ್ ಮೇಲಿನಿಂದ ಬೇಕು, ಕ್ರೇನ್ ಮುರಿದಿದೆ. ತಂಡದವರೆಲ್ಲ ಮಂಡಿಯೂರಿ, ಒಬ್ಬರ ಬೆನ್ನ ಮೇಲೊಬ್ಬರು ಹತ್ತಿ, ಕ್ಯಾಮೆರಾವನ್ನು ಎತ್ತಿ ಹಿಡಿಯುತ್ತಾರೆ. ತೋಳುಗಳು ನಡುಗುತ್ತಿರುತ್ತವೆ. ಮೊದಲ ಸಲ ನೋಡಿದಾಗ ನಾನು ನಗುತ್ತಲೇ ಅತ್ತೆ. ಅಮ್ಮನಿಗೆ ಫೋನ್ ಮಾಡಿ, "ಜಿಪ್ಪು ಹಾಕಿಕೊಟ್ಟವರು ಸಿಕ್ಕಿದರು" ಎಂದೆ. ಅಮ್ಮನಿಗೆ ಆ ರಾತ್ರಿ ನೆನಪಿರಲಿಲ್ಲ.

ಮಡಿಕೇರಿಯವರಿಗೆ ಇದರಲ್ಲಿ ಪರಿಚಯದ್ದೇನೋ ಕಾಣುತ್ತಿರಬೇಕು. ವಿಜಯದಶಮಿಯ ರಾತ್ರಿ ದೇವರು, ರಾಕ್ಷಸರ ಆಡುವ ಬೊಂಬೆಗಳನ್ನು ಹೊತ್ತ ಹತ್ತು ದಸರಾ ಮಂಟಪ ಮೆರವಣಿಗೆ ಹೊರಡುತ್ತವೆ. ಹೊಗೆ ಏಳುತ್ತದೆ, ರಾಕ್ಷಸನ ಕಣ್ಣು ಕೆಂಪಾಗುತ್ತದೆ, ಅವನ ಕೈ ತಟ್ಟುತ್ತ ತಡವರಿಸುತ್ತ ಮೇಲೇಳುತ್ತದೆ, ಹೆಗಲ ಮೇಲಿನ ಮಕ್ಕಳು ಕಣ್ಣು ಮುಚ್ಚಿ ಬೆರಳ ಸಂದಿನಿಂದ ನೋಡುತ್ತಾರೆ. ಚಲನವಲನ ಚೆನ್ನಾಗಿತ್ತೋ ಇಲ್ಲವೋ ಎಂದು ಬೆಳಗಿನವರೆಗೆ ವಾದ ನಡೆಯುತ್ತದೆ. ರಾಕ್ಷಸ ಯಂತ್ರದಿಂದ ಆಡುತ್ತಾನೆಂದು ಎಲ್ಲರಿಗೂ ಗೊತ್ತು. ಆ ಯಂತ್ರ ಕೂಡಿಸಿದ ಹುಡುಗರು ಯಾವ ಬೀದಿಯವರೆಂದೂ ಗೊತ್ತು. ಹೆದರುವುದಕ್ಕೆ ಅದೇನೂ ಅಡ್ಡಿಯಾಗುವುದಿಲ್ಲ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಕರೆಂಟು ಅಷ್ಟರಲ್ಲಿ ಹೋಗಿತ್ತು, ಯಾರೋ ಎರಡು ಮೊಬೈಲಿನ ಟಾರ್ಚ್ ಹಚ್ಚಿ ಮೇಜಿನ ಮೇಲಿಟ್ಟರು. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. ತಾವು ಹುಡುಗನಾಗಿದ್ದಾಗ ಒಂದು ಮಂಟಪದಲ್ಲಿ ಕೆಲಸ ಮಾಡುತ್ತಿದ್ದುದಾಗಿ ಹೇಳಿದರು. ಆಗ ಈಗಿನಂಥ ಯಂತ್ರ ಇರಲಿಲ್ಲವಂತೆ. ರಾಕ್ಷಸನ ಹೊಟ್ಟೆಯೊಳಗೆ ಇವರನ್ನು ಕೂರಿಸಿ, ಕೈಗೆ ಒಂದು ಹಗ್ಗ ಕೊಡುತ್ತಿದ್ದರಂತೆ.

"ಒಳಗೆ ಏನೂ ಕಾಣಲ್ಲ ಮೇಡಂ" ಎಂದರು. "ಗೋಣಿ ವಾಸನೆ, ಬಣ್ಣದ ವಾಸನೆ, ಸೆಕೆ. ಹಗ್ಗ ಎಳೆದರೆ ಹೊರಗೆ ಅವನ ಕೈ ಏಳ್ತದೆ ಅಂತ ಹೇಳಿದ್ರು, ಎದ್ದಿದ್ದು ನಾನು ನೋಡಿಲ್ಲ. ಹೊರಗೆ ಜನ ಹೋ ಅಂತ ಕೂಗಿದ್ರೆ ಎದ್ದಿದೆ ಅಂತ ಲೆಕ್ಕ. ನಾಲ್ಕು ವರ್ಷ ಕೂತಿದ್ದೆ. ಒಂದು ಸಲ ಒಂದು ಮಗು ಜೋರಾಗಿ ಅಳೋದು ಕೇಳಿಸ್ತು. ಪಾಪ ಅನ್ನಿಸಿ ಹಗ್ಗ ಸ್ವಲ್ಪ ನಿಧಾನಕ್ಕೆ ಬಿಟ್ಟೆ."